ಬಿಪಿ ಬರೆದುಕೊಂಡು ಬನ್ನಿ ಅಂದಿದ್ದರು

ಕ್ಲಿನಿಕ್ಕಿನಲ್ಲಿ ನನ್ನ ಬಿಪಿ 152/94 ಬಂತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದರು, 148/92. ಮಾತ್ರೆ ಬರೆಯುತ್ತಾರೆ ಅಂದುಕೊಂಡಿದ್ದೆ, ಬರೆಯಲಿಲ್ಲ. "ಒಂದು ಮಿಷನ್ ತಗೊಳ್ಳಿ. ವಾರ ಪೂರ್ತಿ ಮನೆಯಲ್ಲೇ ನೋಡಿ, ಬರೆದುಕೊಂಡು ಬನ್ನಿ" ಅಂದರು ಡಾಕ್ಟರು. ಬಿಳಿ ಕೋಟು ಕಂಡರೆ ಮಾತ್ರ ಏರುವ ಬಿಪಿ ಕೆಲವರಿಗಿರುತ್ತದಂತೆ. ಕ್ಲಿನಿಕ್ಕಿನಲ್ಲಿ ಚೆನ್ನಾಗಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಅವರದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೊದಲ ವಾರ ನಾನು ಮಾಡಿದ್ದು ಶುದ್ಧ ಮೋಸ. 150 ಬಂದರೆ "ಈಗ ತಾನೇ ಮೆಟ್ಟಿಲು ಹತ್ತಿದೆನಲ್ಲ" ಎಂದು ಬರೆಯದೆ ಬಿಡುತ್ತಿದ್ದೆ. 128 ಬರುವ ತನಕ ಗುಂಡಿ ಒತ್ತಿ ಒತ್ತಿ, ಅದನ್ನು ಮಾತ್ರ ದುಂಡಗೆ ಬರೆಯುತ್ತಿದ್ದೆ. ಪುಸ್ತಕ ನೋಡಿದ ಡಾಕ್ಟರು ಏನೂ ಅನ್ನದೆ ಮಿಷನ್ ಕೇಳಿದರು, ಅದರ ಮೆಮೊರಿ ಗುಂಡಿ ಒತ್ತಿದರು. ಅದರಲ್ಲಿ ಎಲ್ಲವೂ ಇತ್ತು. ಅಂಥದ್ದೊಂದು ಗುಂಡಿ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ. ಟೇಪು ತಂದು ತೋಳಿನ ಸುತ್ತಳತೆ ನೋಡಿದರು, 35 ಸೆಂ.ಮೀ. ಮಿಷನ್ ಜೊತೆ ಬಂದ, ತೋಳಿಗೆ ಸುತ್ತುವ ಪಟ್ಟಿಯ ಮೇಲೆ 22-32 ಎಂದು ಅಚ್ಚಾಗಿತ್ತು. ಪಟ್ಟಿ ಚಿಕ್ಕದಾದರೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಲ್ಲಿಗೆ ನಾನು ಮುಚ್ಚಿಟ್ಟ ಲೆಕ್ಕವೂ ಸುಳ್ಳು, ಬರೆದ ಲೆಕ್ಕವೂ ಸುಳ್ಳು. ದೊಡ್ಡ ಪಟ್ಟಿ ತರಿಸಿ ಎರಡನೇ ವಾರ ಶುರುಮಾಡಿದೆ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮೊದಲು ಕೂರುತ್ತಿದ್ದೆ. ಸಂಜೆ ಇನ್ನೊಮ್ಮೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ. ಪಟ್ಟಿ ಬರಿ ತೋಳಿಗೆ, ಅಂಗಿಯ ಮೇಲಲ್ಲ. ಐದು ನಿಮಿಷ ಸುಮ್ಮನಿದ್ದು ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಎರಡನ್ನೂ ಬರೆಯಬೇಕು, ಬಂದದ್ದು ಬಂದ ಹಾಗೆ. ಕಷ್ಟವಾಗಿದ್ದು ಆ ಐದು ನಿಮಿಷ. ಫೋನಿಲ್ಲದೆ, ಮಾತಿಲ್ಲದೆ ಐದು ನಿಮಿಷ ಕೂತು ನನಗೆ ಎಷ್ಟು ವರ್ಷವಾಗಿತ್ತೋ!

ಕೈ ಎಲ್ಲಿಡಬೇಕು ಅನ್ನುವುದನ್ನು ನಾನೇ ಪರೀಕ್ಷೆ ಮಾಡಿ ನೋಡಿದೆ. ಕೈಯನ್ನು ಮೇಜಿನ ಮೇಲಿಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬಂದಾಗ ಒಂದು ಲೆಕ್ಕ. ಜೋತುಬಿಟ್ಟರೆ ಮೇಲಿನ ಅಂಕೆ ಸುಮಾರು ಹತ್ತು ಜಾಸ್ತಿ. ನೀರಿನ ಕೊಳವೆಯ ಲೆಕ್ಕವೇ ಇದು: ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿಳಿದರೆ ಅಷ್ಟೆತ್ತರದ ರಕ್ತದ ಭಾರ ಸೇರಿ 7-8 ಹೆಚ್ಚುತ್ತದೆ. ಮೊದಲ ದಿನ ಎರಡೂ ತೋಳು ನೋಡಿದೆ. ಬಲದಲ್ಲಿ 6 ಹೆಚ್ಚಿತ್ತು, ಹೆಚ್ಚು ಬಂದ ತೋಳನ್ನೇ ಹಿಡಿದೆ.

ಏಳು ದಿನದಲ್ಲಿ ಮೊದಲ ದಿನದ್ದು ಲೆಕ್ಕಕ್ಕಿಲ್ಲ. ಹೊಸ ಕೆಲಸದ ಗಾಬರಿ ಅದರಲ್ಲಿರುತ್ತದೆ. ಉಳಿದ ಆರು ದಿನದ 24 ಅಂಕೆಗಳ ಸರಾಸರಿ 138/87. 140 ದಾಟಿಲ್ಲ, ಗೆದ್ದೆ ಅಂದುಕೊಂಡು ಹೋದೆ. 140/90 ಕ್ಲಿನಿಕ್ಕಿನ ಗೆರೆ, ಮನೆಯ ಗೆರೆ 135/85 ಅಂದರು. ಗೆರೆ ದಾಟಿಯೇ ಇದ್ದೆ.

ಆಗಲೂ ಮೊದಲು ಕೇಳಿದ್ದು, "ಬೇರೆ ಯಾವ ಮಾತ್ರೆ ತಗೋತೀರಿ?" ಮಂಡಿನೋವಿಗೆ ದಿನಾ ಐಬುಪ್ರೊಫೆನ್ ನುಂಗುತ್ತಿದ್ದೆ. ಚೀಟಿ ಇಲ್ಲದೆಯೇ ತರುತ್ತಿದ್ದ ಮಾತ್ರೆ ಅಂತ ಅದನ್ನು ಔಷಧ ಎಂದೇ ಎಣಿಸಿರಲಿಲ್ಲ. ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸಬಲ್ಲದು, ಕಿಡ್ನಿಗೂ ಒಳ್ಳೆಯದಲ್ಲ. ಕಟ್ಟಿದ ಮೂಗು ಬಿಡಿಸುವ ಕೆಲವು ನೆಗಡಿ ಮಾತ್ರೆಗಳೂ ಹಾಗೆಯೇ. ಐಬುಪ್ರೊಫೆನ್ ನಿಲ್ಲಿಸಿ, ಉಪ್ಪು ಇಳಿಸಿ, ಇನ್ನೂ ಕೆಲವು ವಾರ ನೋಡಿದ ಮೇಲೆಯೇ ಬಿಪಿಗೆ ಚಿಕ್ಕದೊಂದು ಮಾತ್ರೆ ಕೊಟ್ಟರು. ಅಂಕೆ ಸರಿಹೋದ ಮೇಲೆ ಬಿಟ್ಟುಬಿಡಲೇ ಎಂದು ಕೇಳಿದೆ. ಸರಿಹೋಗಿದ್ದು ಅದರಿಂದಲೇ ಅಲ್ಲವೇ ಅಂದರು.

ಒಂದು ರಾತ್ರಿ 182 ಬಂದು ಹೆದರಿದ್ದೆ. ಸುಮ್ಮನೆ ಕೂತು ಮತ್ತೆ ನೋಡಿದರೆ 160, ಮರುದಿನವೇ ಫೋನ್ ಮಾಡಿ ಹೇಳಿದೆ. ಅವರು ಹೇಳಿದ್ದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇನೆ: ಅಂಕೆ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೆ ಅಳೆಯುತ್ತ ಕೂರಬಾರದು, ತಕ್ಷಣ ಆಸ್ಪತ್ರೆಗೆ. ಎದೆನೋವು, ಮಾತು ತೊದಲುವುದು ಇಂಥವಕ್ಕಂತೂ ಮಿಷನ್ ಏನು ತೋರಿಸಿದರೂ ಕಾಯುವ ಹಾಗಿಲ್ಲ.

ಈಗ ದಿನಾ ನೋಡುವುದಿಲ್ಲ. ಡಾಕ್ಟರ ಭೇಟಿಗೆ ಮುಂಚಿನ ಒಂದು ವಾರ, ಬೆಳಗಿನ ಮಾತ್ರೆ ನುಂಗುವ ಮೊದಲು ಮತ್ತು ಸಂಜೆ. ಉಳಿದ ದಿನ ಮಿಷನ್ ಕಪಾಟಿನಲ್ಲಿ. ಪುಸ್ತಕ ತೋರಿಸಿದರೆ ಡಾಕ್ಟರು ಇವತ್ತಿಗೂ ಮಿಷನ್ ಕೊಡಿ ಅಂತ ಕೈ ಚಾಚುತ್ತಾರೆ. ಮೊದಲೇ ಚೀಲದಲ್ಲಿ ಹಾಕಿಕೊಂಡು ಹೋಗಿರುತ್ತೇನೆ.