ಬಳಚಿನ ಪೇಪರ್‌ಗೆ ಡಾಲರ್ ಯಾಕೆ? ಸಂಶೋಧನಾ ಲೇಖನ ಪುಕ್ಕಟೆ ಹುಡುಕುವುದು ಹೀಗೆ

ಕುಮಟಾದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಕಾಲೇಜಿನಲ್ಲಿ ಅಘನಾಶಿನಿ ಹೊಳೆಯ ಬಳಚಿನ (ಚಿಪ್ಪುಮೀನಿನ) ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದರು. ಇಳಿತದ ಹೊತ್ತಿಗೆ ಹೊಳೆಗಿಳಿದು ಬುಟ್ಟಿ ತುಂಬಿಸುವವರ ಮನೆಯವಳೇ ಅವಳು. ಒಂದು ಲೇಖನ ತೆರೆಯಲು ಹೋದರೆ 40 ಡಾಲರ್ ಕೇಳಿತು. "ಅಕ್ಕಾ, ಬಳಚಿಗಿಂತ ಬಳಚಿನ ಪೇಪರ್ರೇ ತುಟ್ಟಿ" ಅಂದಳು.

ದುಡ್ಡು ಕೊಡಬೇಡಿ. ಮೊದಲು ಹೆಸರು ಸರಿ ಮಾಡಿಕೊಳ್ಳಿ, ಜಾಸ್ತಿ ಜನ ಸೋಲುವುದು ಇಲ್ಲೇ. 'ಬಳಚು' ಅಂತ ಹೊಡೆದರೆ ಸುಕ್ಕಾ ಮಾಡುವ ವಿಡಿಯೋ ಬರುತ್ತವೆ. ಮೆರೆಟ್ರಿಕ್ಸ್, ಪಾಫಿಯಾ ಅಂತ ವೈಜ್ಞಾನಿಕ ಹೆಸರು ಹಾಕಿ, ಜತೆಗೆ ಊರು ಸೇರಿಸಿ. ಊರಿನ ಹೆಸರಿನಲ್ಲೂ ಒಂದು ತೊಡಕಿದೆ. ಹಳೆಯ ಲೇಖನಗಳಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ 'ನಾರ್ತ್ ಕೆನರಾ'. ಅದನ್ನು ಇಂಗ್ಲಿಷಿನಲ್ಲಿ ಕೆ ಹಾಕಿಯೂ ಬರೆದಿದ್ದಾರೆ, ಸಿ ಹಾಕಿಯೂ ಬರೆದಿದ್ದಾರೆ. ಅಘನಾಶಿನಿ ಕಡಲು ಸೇರುವಲ್ಲಿನ ತದಡಿ ಕೆಲವೆಡೆ 'ತದ್ರಿ' ಆಗಿದೆ. ಎಲ್ಲವನ್ನೂ ಹೊಡೆದು ನೋಡಿ. ಶಿರಸಿಯ ಅಡಿಕೆಯವರಿಗೆ ಈ ಕಷ್ಟ ಕಡಿಮೆ. ಇಂಗ್ಲಿಷ್ ಲೇಖನಗಳೂ ಕೊಳೆರೋಗವನ್ನು ಕೊಳೆರೋಗ ಅಂತಲೇ ಕರೆಯುತ್ತವೆ!

ಈಗ ಸಂಶೋಧನಾ ಲೇಖನ ಹುಡುಕುವ ತಾಣ ಗೂಗಲ್ ಸ್ಕಾಲರ್ ತೆರೆಯಿರಿ. ಶೀರ್ಷಿಕೆಯ ಪಕ್ಕದಲ್ಲಿ 'ಪಿಡಿಎಫ್' ಅಂತ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಕೆಳಗಿನ 'ಆಲ್ ವರ್ಶನ್ಸ್' ಒತ್ತಿ. ಒಂದು ಕಡೆ ದುಡ್ಡು ಕೇಳಿದ ಲೇಖನ ಇನ್ನೊಂದು ಕಡೆ ಸುಮ್ನೆ ಬಿದ್ದಿರುತ್ತದೆ.

ಮೀನು, ಸಿಗಡಿ, ಬಳಚಿನ ವಿಷಯವಾದರೆ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಇ-ಪ್ರಿಂಟ್ಸ್ ತಾಣ ನೋಡಲೇಬೇಕು. ಸಂಸ್ಥೆ ಇರುವುದು ಕೊಚ್ಚಿಯಲ್ಲಿ, ಕಾರವಾರದಲ್ಲೂ ಅದರ ಕೇಂದ್ರವಿದೆ. ಹಳೆಯ ಲೇಖನಗಳೂ ಅಲ್ಲಿ ಸಿಗುತ್ತವೆ.

ಪಿಎಚ್‌ಡಿ ಪ್ರಬಂಧ ಬೇಕಾದರೆ 'ಶೋಧಗಂಗಾ' ತಾಣ ನೋಡಿ. ಪ್ರಬಂಧದ ಡಿಜಿಟಲ್ ಪ್ರತಿ ಕೊಡಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿದೆ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ವಿಭಾಗ ಇರುವುದು ಕರ್ನಾಟಕ ವಿಶ್ವವಿದ್ಯಾಲಯದ್ದು, ಹಾಗಾಗಿ ಆ ವಿಶ್ವವಿದ್ಯಾಲಯದ ಹೆಸರಿನಡಿ ಹುಡುಕಿ. ಅಧ್ಯಾಯಕ್ಕೊಂದು ಫೈಲ್ ಇರುತ್ತದೆ. ನಾನಂತೂ ಮೊದಲು ಕೊನೆಯ ಫೈಲ್ ತೆರೆಯುತ್ತೇನೆ. ಅವರು ಓದಿದ್ದೆಲ್ಲದರ ಪಟ್ಟಿ ಹೆಚ್ಚಾಗಿ ಕೊನೆಗೇ ಸಿಗುತ್ತದೆ, ಹುಡುಕುವ ಅರ್ಧ ಕೆಲಸ ಮುಗಿದ ಹಾಗೆ.

ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ ಬಂದಿದೆಯಲ್ಲ, ಅದು ಸಾಲದೇ ಅನ್ನಬಹುದು. 2025ರಿಂದ 2027ರವರೆಗೆ ಸರ್ಕಾರ ಇದಕ್ಕೆ 6,000 ಕೋಟಿ ರೂಪಾಯಿ ಇಟ್ಟಿದೆ. ಸುಮಾರು 13,000 ಸಂಶೋಧನಾ ಪತ್ರಿಕೆಗಳು ಸಿಗುತ್ತವೆ. ಆದರೆ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಒಳಗಿದ್ದವರಿಗೆ ಮಾತ್ರ. ನೀವು ಸರ್ಕಾರಿ ಕಾಲೇಜಿನವರಾದರೆ ಲೈಬ್ರರಿಯನ್ ಹತ್ತಿರ ಲಾಗಿನ್ ಕೇಳಿ. ದುಡ್ಡು ನಮ್ಮೆಲ್ಲರದ್ದು, ಬಾಗಿಲು ಕೆಲವರಿಗೆ. ಇದು ನನಗೆ ಸರಿ ಕಾಣುವುದಿಲ್ಲ.

ಏನೂ ಆಗದಿದ್ದರೆ ಬರೆದವರನ್ನೇ ಕೇಳಿ. ಲೇಖನದ ಸಾರಾಂಶ ಪುಕ್ಕಟೆ ಕಾಣುವ ಪುಟದಲ್ಲಿ ಸಾಮಾನ್ಯವಾಗಿ ಲೇಖಕರ ಇ-ಮೇಲ್ ಇರುತ್ತದೆ. ಕಾಗದ ಉದ್ದ ಬೇಡ. ಹುಡುಗಿ ಕಳಿಸಿದ್ದು ಇಷ್ಟೇ: "ನಾನು ಕುಮಟಾದ ವಿದ್ಯಾರ್ಥಿನಿ. ಅಘನಾಶಿನಿಯ ಬಳಚಿನ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನಿಮ್ಮ ಲೇಖನದ ಒಂದು ಪ್ರತಿ ಕಳಿಸಬಹುದೇ?" ಇದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದಳು. ಲೇಖನದ ಪೂರ್ತಿ ಹೆಸರು ಮರೆಯದೆ ಹಾಕಿ, ಅವರು ಬರೆದದ್ದು ಒಂದೇ ಅಲ್ಲ.

ಮೂರನೇ ದಿನ ಪಿಡಿಎಫ್ ಬಂತು. ಜತೆಗೆ ಅವರದ್ದೂ ಒಂದು ಪ್ರಶ್ನೆ: ಈ ವರ್ಷ ನಿಮ್ಮ ಮನೆಯವರಿಗೆ ದಿನಕ್ಕೆ ಎಷ್ಟು ಬುಟ್ಟಿ ಬಳಚು ಸಿಗುತ್ತಿದೆ?