ಗುಳೆ ಹೋಗುವ ಮೊದಲೇ ಮಗುವಿನ ಹೆಸರು ಸೇರಿಸಿ

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ನಮ್ಮೂರಲ್ಲಿ ರೇಷನ್ ಕಾರ್ಡ್ ಇಲ್ಲದ ಮನೆ ಅಪರೂಪ. ಆದರೆ ಆ ಕಾರ್ಡಿನಲ್ಲಿ ಕಿರಿಯ ಮಗುವಿನ ಹೆಸರೇ ಇಲ್ಲದ ಮನೆಗಳು ಬೇಕಾದಷ್ಟಿವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಕಾಗದದಲ್ಲಿ ಇಲ್ಲದ ಮಗುವಿಗೆ ಅದನ್ನು ಕೊಡಿಸಲು ಮಾತ್ರ ಹೆಣಗಬೇಕಾಗುತ್ತದೆ.

ಅಂಗನವಾಡಿಗೆ ಬಂದಿದ್ದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಮೂರು ವರ್ಷದ ಹುಡುಗಿಯೊಬ್ಬಳ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ತುಟಿ, ಉಗುರು ನೋಡಿದರು. "ಓಡಿದರೆ ಏನು ಮಾಡುತ್ತಾಳೆ?" ಎಂದು ಕೇಳಿದರು. "ನಾಲ್ಕು ಹೆಜ್ಜೆಗೆ ಕುಕ್ಕರಗಾಲಲ್ಲಿ ಕುಳಿತುಬಿಡುತ್ತಾಳ್ರೀ, ಹಟಮಾರಿ" ಎಂದಳು ಅಜ್ಜಿ. ಅದು ಹಟವಲ್ಲ, ಹುಟ್ಟಿನಿಂದ ಬಂದ ಹೃದಯದ ತೊಂದರೆ.

ತಂದೆತಾಯಿ ಮಂಗಳೂರಿಗೆ ಗುಳೆ ಹೋಗಿದ್ದರು. ಮಗುವಿಗೆ ಆಧಾರ್ ಇರಲಿಲ್ಲ. ಐದು ವರ್ಷದೊಳಗಿನ ಮಗುವಿನ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ತಂದೆ ಅಥವಾ ತಾಯಿಯ ಆಧಾರ್ ಮೇಲೆಯೇ ಮಾಡುತ್ತಾರೆ. ಅಜ್ಜಿಯೊಬ್ಬಳಿಂದ ಆಗುವ ಕೆಲಸವಲ್ಲ. ತಂದೆಗೆ ಫೋನ್ ಮಾಡಿ ಕರೆಸಿದೆ. ತಾಯಿಯ ಹೆಸರು ಜನನ ಪ್ರಮಾಣಪತ್ರದಲ್ಲಿ ಹುಲಿಗೆವ್ವ, ಆಧಾರ್‌ನಲ್ಲಿ ಹುಲಿಗೆಮ್ಮ! ಅದನ್ನು ತಿದ್ದಿಸಿದ ಮೇಲೆಯೇ ಮುಂದಿನದು. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರರು ಯಾವ ಕಾಗದ ಬೇಕೆಂದು ಸಮಾಧಾನದಿಂದ ಹೇಳಿದರು, ದೊಡ್ಡ ಆಸ್ಪತ್ರೆಗೆ ಕಳುಹಿಸುವ ರೆಫರಲ್ ಪತ್ರವೂ ಸಿಕ್ಕಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಹೊಲ ಅಡವಿಡುವ ಪ್ರಸಂಗ ಬರಲಿಲ್ಲ.

ಆ ಅಲೆದಾಟದಲ್ಲಿ ಕಳೆದ ದಿನಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಷ್ಟು ದಿನ ಆ ಮಗು ಉಸಿರಿಗಾಗಿ ಕುಳಿತು ಏಳುತ್ತಿತ್ತು. ಹಾಗಾಗಿ ಈಗ ಬಾಣಂತಿಯ ಮನೆಗೆ ಭೇಟಿ ಕೊಡುವಾಗಲೇ ಜನನ ಪ್ರಮಾಣಪತ್ರ ಕೇಳುತ್ತೇನೆ, ಹೆಸರಿನ ಅಕ್ಷರ ಅಕ್ಷರ ಹೋಲಿಸುತ್ತೇನೆ. ರೇಷನ್ ಕಾರ್ಡಿಗೆ ಹೆಸರು ಸೇರಿಸುವ ಅರ್ಜಿಯನ್ನು ಬೇಕೆಂದಾಗಲೆಲ್ಲ ತೆಗೆದುಕೊಳ್ಳುವುದಿಲ್ಲ; ಅವಕಾಶ ಕೊಟ್ಟ ಸುದ್ದಿ ತಿಳಿದರೆ ಆ ದಿನವೇ ಮನೆಮನೆಗೆ ಹೇಳುತ್ತೇನೆ. ಗುಳೆ ಹೋದವರು ಊರಲ್ಲಿ ಸಿಗುವುದು ಯುಗಾದಿಗೆ, ಜಾತ್ರೆಗೆ. ಹಬ್ಬದ ಮನೆಯಲ್ಲಿ ಕಾಗದದ ಮಾತು ಯಾರಿಗೂ ಹಿಡಿಸುವುದಿಲ್ಲ. ಆದರೂ ಬಿಡುವುದಿಲ್ಲ, ತಂದೆ ಬಸ್ ಹತ್ತುವ ಮೊದಲೇ ಆಧಾರ್ ಕೇಂದ್ರಕ್ಕೆ ಕರೆದೊಯ್ಯುತ್ತೇನೆ.

ಇನ್ನೊಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ: ತುರ್ತು ಚಿಕಿತ್ಸೆಗೆ ರೆಫರಲ್ ಪತ್ರ ಬೇಕಿಲ್ಲ. ಪತ್ರಕ್ಕಾಗಿ ಕಾಯುತ್ತ ಕೂರದೆ, ಯೋಜನೆಯಲ್ಲಿ ನೋಂದಾಯಿತವಾದ ಹತ್ತಿರದ ಆಸ್ಪತ್ರೆಗೆ ಮಗುವನ್ನು ನೇರವಾಗಿ ಕರೆದೊಯ್ಯಿರಿ.