ಇನ್‌ಸ್ಪೈರ್‌ನ ಆ 20 ಸಾವಿರ: ಕೆಮಿಸ್ಟ್ರಿ ಓದುತ್ತಾ ನಾನು ಕಂಡುಕೊಂಡ ಸ್ಕಾಲರ್‌ಶಿಪ್‌ಗಳು

ಬಿಎಸ್ಸಿ ಸೇರಿದ ಮಕ್ಕಳು ನನಗೆ ಫೋನ್ ಮಾಡಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಕ್ಕ, ಇನ್‌ಸ್ಪೈರ್‌ನಲ್ಲಿ ವರ್ಷಕ್ಕೆ 80 ಸಾವಿರ ಕೊಡ್ತಾರಂತೆ, ನಿಜಾನಾ?" ನಿಜ. ಮೂಲ ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ ಅದು. ಆದರೆ ಆ 80 ಸಾವಿರದಲ್ಲಿ ಖಾತೆಗೆ ನೇರವಾಗಿ ಬರುವುದು 60 ಸಾವಿರ. ಉಳಿದ 20 ಸಾವಿರ ಬೇಸಿಗೆಯಲ್ಲಿ ಒಬ್ಬ ಗೈಡ್ ಕೈಕೆಳಗೆ ಪ್ರಾಜೆಕ್ಟ್ ಮಾಡಿದವರಿಗೆ ಮಾತ್ರ. ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಎಷ್ಟೋ ಮಕ್ಕಳು ಈ 20 ಸಾವಿರವನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ. ಇವತ್ತು ಪಿಎಚ್‌ಡಿ ಮಾಡುತ್ತಿದ್ದೇನೆ ಅಂದರೆ ಅದಕ್ಕೆ ಆ 60 ಸಾವಿರಕ್ಕಿಂತ ಈ 20 ಸಾವಿರವೇ ಕಾರಣ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು. ಅಪ್ಪನಿಗೆ ಮೂರು ಎಕರೆ ಹೊಲ, ಮಳೆ ಬಂದರೆ ಕಡಲೆಕಾಯಿ. 2015ರಲ್ಲಿ ಪಿಯು ಮುಗಿಯಿತು. ಎಂಜಿನಿಯರಿಂಗ್‌ಗೆ ಕಳಿಸುವಷ್ಟು ದುಡ್ಡು ಇರಲಿಲ್ಲ, ನನಗೂ ಕೆಮಿಸ್ಟ್ರಿಯೇ ಇಷ್ಟ. ಪಿಸಿಎಂ ತೆಗೆದುಕೊಂಡು ಡಿಗ್ರಿ ಸೇರಿದೆ. ಇನ್‌ಸ್ಪೈರ್ ಬಗ್ಗೆ ಹೇಳಿದ್ದು ನಮ್ಮ ಕೆಮಿಸ್ಟ್ರಿ ಸರ್. ಇದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡ್‌ನ ಮೇಲಿನ ಶೇ. 1ರೊಳಗೆ ಬಂದು, ಮೂಲ ವಿಜ್ಞಾನ ಓದುವವರಿಗೆ ಸಿಗುತ್ತದೆ. ಎಂಜಿನಿಯರಿಂಗ್, ಮೆಡಿಕಲ್‌ಗೆ ಇಲ್ಲ. ಬಯೋಟೆಕ್, ಕಂಪ್ಯೂಟರ್ ಸೈನ್ಸ್ ಕೂಡ ಆ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಕಾಂಬಿನೇಷನ್ ಆರಿಸುವ ಮೊದಲೇ ಪಟ್ಟಿ ನೋಡಿ. ಒಂದೊಂದು ಬೋರ್ಡ್‌ಗೆ ಒಂದೊಂದು ಕಟ್‌ಆಫ್, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ನನಗೆ ಕಟ್‌ಆಫ್‌ಗಿಂತ ನಾಲ್ಕೇ ನಾಲ್ಕು ಅಂಕ ಜಾಸ್ತಿ ಇತ್ತು.

ಅರ್ಜಿ ಹಾಕಿದ್ದು ಸುಲಭ, ದುಡ್ಡು ಬಂದಿದ್ದು ಕಷ್ಟ. ಮಾರ್ಕ್ಸ್ ಕಾರ್ಡ್‌ನಲ್ಲಿ ನನ್ನ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನಿಷಿಯಲ್ ಹಿಂದೆ. ಇಷ್ಟಕ್ಕೇ ಏಳು ತಿಂಗಳು ಹೋಯಿತು. ಕಾಲೇಜಿನ ಪ್ರಾಂಶುಪಾಲರು ಸಹಿ ಹಾಕಿ ಕೊಡಬೇಕಾದ ಒಂದು ನಿಗದಿತ ನಮೂನೆ ಇದೆ, ಅದನ್ನು ಆಫೀಸಿನವರು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತಮಗೆ ತೋಚಿದ ಹಾಗೆ ಟೈಪ್ ಮಾಡಿಕೊಟ್ಟಿದ್ದರು, ಅದೂ ವಾಪಸ್ ಬಂತು. ಅಪ್ಪ ವಾರಕ್ಕೊಮ್ಮೆ ಫೋನ್ ಮಾಡಿ "ಏನಾಯ್ತಮ್ಮಾ ಅದು?" ಅಂತ ಕೇಳುತ್ತಿದ್ದರು. ಹಾಸ್ಟೆಲ್ ಮೆಸ್ ಬಿಲ್ ಬಾಕಿ ಇದ್ದಾಗ ಆ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ಪಿಯು ಮುಗಿದ ತಕ್ಷಣ ಮೂರೂ ಕಡೆ ಹೆಸರು ಒಂದೇ ಥರ ಮಾಡಿಸಿಕೊಳ್ಳಿ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್, ಅಂದರೆ ಆಧಾರ್ ಜೋಡಣೆ, ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿ. ಈಗ ಬಹುತೇಕ ಸರ್ಕಾರಿ ಸ್ಕಾಲರ್‌ಶಿಪ್‌ಗಳಿಗೂ ಇದೇ ಮುಖ್ಯ.

ಇನ್ನು ಆ ಪ್ರಾಜೆಕ್ಟ್ ವಿಷಯ. ಮೊದಲ ವರ್ಷದ ಪರೀಕ್ಷೆ ಹತ್ತಿರ ಬರುತ್ತಿದ್ದಾಗ ನನಗೆ ಗೈಡ್ ಬೇಕಾಗಿತ್ತು. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಇದ್ದದ್ದು ಬ್ಯೂರೆಟ್, ಪಿಪೆಟ್, ಸಾಲ್ಟ್ ಅನಾಲಿಸಿಸ್ ಬಾಟಲಿಗಳು, ಆಗಾಗ ಕೆಡುವ ಒಂದು ಕಲರಿಮೀಟರ್. ವಿಶ್ವವಿದ್ಯಾಲಯಗಳ ವೆಬ್‌ಸೈಟ್ ನೋಡಿ 14 ಪ್ರೊಫೆಸರ್‌ಗಳಿಗೆ ಮೇಲ್ ಕಳಿಸಿದೆ. ಎಲ್ಲರಿಗೂ ಒಂದೇ ಮೇಲ್: ನನಗೆ ಸಂಶೋಧನೆಯಲ್ಲಿ ಬಹಳ ಆಸಕ್ತಿ, ನಿಮ್ಮ ಕೆಲಸ ನನ್ನನ್ನು ಬಹಳ ಸೆಳೆದಿದೆ, ದಯವಿಟ್ಟು ಅವಕಾಶ ಕೊಡಿ. ಒಬ್ಬರೂ ಉತ್ತರ ಕೊಡಲಿಲ್ಲ. ಆಗ ಬೇಜಾರಾಗಿತ್ತು. ಈಗ ನಮ್ಮ ಲ್ಯಾಬ್‌ಗೆ ಬರುವ ಅಂಥ ಮೇಲ್‌ಗಳನ್ನು ನೋಡಿದಾಗ ಅರ್ಥವಾಗುತ್ತದೆ, ಹೆಸರು ಮುಚ್ಚಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಸರ್ ಹತ್ತಿರ ಹೋಗಿ ಹೇಳಿದೆ. ಅವರು ಮೇಲ್ ಓದಿ, "ಇದರಲ್ಲಿ ನೀನು ಎಲ್ಲಿದ್ದೀಯಮ್ಮ? ನಿಮ್ಮೂರಿನ ನೀರಿನ ಬಗ್ಗೆ ಲ್ಯಾಬ್‌ನಲ್ಲಿ ಮಾತಾಡ್ತಾ ಇರ್ತೀಯಲ್ಲ, ಅದನ್ನ ಬರಿ" ಅಂದರು.

ಪಾವಗಡದ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ಹಲ್ಲಿನ ಮೇಲೆ ಕಂದು ಗೆರೆಗಳಿವೆ, ತಮ್ಮನಿಗೂ ಇವೆ, ಅಜ್ಜಿಗೆ ಬೆನ್ನು ಬಗ್ಗಿಸಲು ಆಗುತ್ತಿರಲಿಲ್ಲ. 15ನೆಯ ಮೇಲ್‌ನಲ್ಲಿ ಇದನ್ನೇ ಬರೆದೆ. ನಮ್ಮೂರು ಮತ್ತು ಸುತ್ತಲಿನ 11 ಬೋರ್‌ವೆಲ್‌ಗಳ ನೀರು ತರುತ್ತೇನೆ, ಫ್ಲೋರೈಡ್ ಎಷ್ಟಿದೆ ಅಂತ ಅಳೆಯುವುದನ್ನು ಕಲಿಯಬೇಕು, ಯಾವ ಬೋರ್‌ವೆಲ್ ಎಷ್ಟು ಆಳ ಅಂತ ಬರೆದಿಟ್ಟುಕೊಂಡಿದ್ದೇನೆ, ಇನ್‌ಸ್ಪೈರ್ ಇದೆ, ಆರು ವಾರ ಇರಬಲ್ಲೆ. ಏಳೆಂಟು ಸಾಲು ಅಷ್ಟೇ. ಮೂರನೇ ದಿನ ಒಬ್ಬ ಮೇಡಂ ಉತ್ತರ ಕೊಟ್ಟರು: "ನೀರನ್ನು ಗಾಜಿನ ಬಾಟಲಿಯಲ್ಲಿ ತರಬೇಡ, ಪ್ಲಾಸ್ಟಿಕ್ ಬಾಟಲಿಯಲ್ಲಿ ತಾ." ಫ್ಲೋರೈಡ್‌ಗೆ ಗಾಜು ಆಗುವುದಿಲ್ಲ ಅಂತ ಗೊತ್ತಾಗಿದ್ದೇ ಅವತ್ತು.

ಆ ಮೇಡಂ ಲ್ಯಾಬ್‌ನಲ್ಲಿ ಕಲಿತದ್ದು ನೀರಿನ ಫ್ಲೋರೈಡ್ ಅಳೆಯುವ ಸ್ಪ್ಯಾಂಡ್ಸ್ ವಿಧಾನ. ಜಿರ್ಕೋನಿಯಮ್ ಮತ್ತು ಒಂದು ಬಣ್ಣ ಸೇರಿದ ಕೆಂಪು ದ್ರಾವಣ ಇರುತ್ತದೆ. ಫ್ಲೋರೈಡ್ ಸೇರಿದರೆ ಅದು ಜಿರ್ಕೋನಿಯಮ್ ಅನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಬಣ್ಣ ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಅಂತ 570 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದರೆ ಫ್ಲೋರೈಡ್ ಎಷ್ಟು ಅಂತ ಸಿಗುತ್ತದೆ. ಮೊದಲ ವಾರ ನನ್ನ ಹೆಚ್ಚಿನ ಸ್ಯಾಂಪಲ್‌ಗಳು ಸುಮಾರು ಒಂದೇ ಬೆಲೆ ತೋರಿಸುತ್ತಿದ್ದವು, ಲೀಟರಿಗೆ 1.4 ಮಿಲಿಗ್ರಾಂ ಆಸುಪಾಸು. ಎಲ್ಲ ಬೋರ್‌ವೆಲ್‌ನಲ್ಲೂ ಒಂದೇ ನೀರು ಇರಬಹುದು ಅಂತ ನಾನು ಖುಷಿಯಲ್ಲಿದ್ದೆ. ಮೇಡಂ ನೋಟ್‌ಬುಕ್ ನೋಡಿ, "ಈ ವಿಧಾನ ಅಳೆಯುವುದೇ ಅಲ್ಲಿಯವರೆಗೆ. ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಮಾಡು" ಅಂದರು. ಮಾಡಿದೆ. ನಮ್ಮ ಮನೆ ಬೋರ್‌ವೆಲ್ 2ಕ್ಕಿಂತ ಜಾಸ್ತಿ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 1.0, ಬೇರೆ ನೀರು ಸಿಗದಿದ್ದರೆ 1.5. ನಾನು ಆ ಸಂಜೆ ಊಟ ಮಾಡಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದಲೇ ತನ್ನಿ, ಎಷ್ಟೇ ದೂರವಾದರೂ ಸರಿ ಅಂತ ಹೇಳಿದೆ.

ಆರು ವಾರ ಪಿಜಿ ಬಾಡಿಗೆ, ಊಟ, ಬಸ್ ಚಾರ್ಜ್ ಎಲ್ಲ ಸೇರಿ 13 ಸಾವಿರದ ಹತ್ತಿರ ಖರ್ಚಾಯಿತು. ಅದನ್ನು ಮೊದಲು ಕೈಯಿಂದ ಹಾಕಬೇಕು, 20 ಸಾವಿರ ಬರುವುದು ಪ್ರಾಜೆಕ್ಟ್ ರಿಪೋರ್ಟ್ ಮತ್ತು ಗೈಡ್ ಸಹಿ ಹಾಕಿದ ಸರ್ಟಿಫಿಕೇಟ್ ಕೊಟ್ಟ ಮೇಲೆ. ಆದ್ದರಿಂದ ಮೊದಲ 60 ಸಾವಿರದಲ್ಲಿ ಸ್ವಲ್ಪ ಎತ್ತಿಡಿ. ಕೆಲವರು ಪರಿಚಯದವರ ಹತ್ತಿರ ಸುಳ್ಳು ಸರ್ಟಿಫಿಕೇಟ್ ಮಾಡಿಸಿಕೊಂಡು ದುಡ್ಡು ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ತಪ್ಪು ಅನ್ನುವುದು ಒಂದು ಕಡೆ, ನೀವು ಒಂದು ಕೆಲಸ ಕಲಿಯುವ ಅವಕಾಶವೇ ಹೋಗುತ್ತದೆ.

ಮರುವರ್ಷ ಇದೇ ಪ್ರಾಜೆಕ್ಟ್ ನನ್ನ ಮುಂದಿನ ಬಾಗಿಲು ತೆರೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಸಿ. ವಿ. ರಾಮನ್ 1934ರಲ್ಲಿ ಕಟ್ಟಿದ್ದಲ್ವಾ, ಅದು ದೆಹಲಿ ಮತ್ತು ಪ್ರಯಾಗರಾಜ್‌ನ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ಎರಡು ತಿಂಗಳು ಒಂದು ಒಳ್ಳೆಯ ಲ್ಯಾಬ್‌ನಲ್ಲಿ ಕೆಲಸ, ತಿಂಗಳಿಗೆ ಸ್ಟೈಪೆಂಡ್. ಅರ್ಜಿ ಕರೆಯುವುದು ಬೇಸಿಗೆಗೆ ಆರು ತಿಂಗಳು ಮೊದಲೇ, ಪರೀಕ್ಷೆ ಮುಗಿಯಲಿ ನೋಡೋಣ ಅಂದರೆ ಮುಗಿದೇ ಹೋಯಿತು. ಅಂಕಪಟ್ಟಿ, ಒಬ್ಬ ಮೇಷ್ಟ್ರ ಶಿಫಾರಸು, ಜೊತೆಗೆ ನೀವೇ ಬರೆದ ಒಂದು ಸಣ್ಣ ಬರಹ ಕೇಳುತ್ತಾರೆ. ಚಿಕ್ಕಂದಿನಿಂದ ವಿಜ್ಞಾನ ಇಷ್ಟ ಅಂತ ನಾನು ಒಂದು ಸಾಲೂ ಬರೆಯಲಿಲ್ಲ. 1.4ಕ್ಕೆ ನಿಂತುಹೋದ ಆ ರೀಡಿಂಗ್ ಬಗ್ಗೆ ಬರೆದೆ, ಡಿಸ್ಟಿಲ್ಡ್ ವಾಟರ್ ಸೇರಿಸಿದಾಗ ಏನಾಯಿತು ಬರೆದೆ, ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್‌ನಲ್ಲಿ ಅಳೆದು ಹೋಲಿಸಬೇಕು ಅಂತ ಆಸೆ ಇದೆ ಅಂದೆ. 2017ರ ಬೇಸಿಗೆಗೆ ಆಯ್ಕೆಯಾಯಿತು. ನಾಲ್ಕು ವಾರಕ್ಕೆ ಒಂದು, ಎಂಟು ವಾರಕ್ಕೆ ಒಂದು ರಿಪೋರ್ಟ್ ಕೊಡಬೇಕಿತ್ತು. ಆ ಎರಡು ರಿಪೋರ್ಟ್ ಬರೆಯುವಾಗ ನಾನು ಕಲಿತ ಬರವಣಿಗೆ ಮೂರು ವರ್ಷದ ರೆಕಾರ್ಡ್ ಬುಕ್‌ನಲ್ಲಿ ಕಲಿಯಲಿಲ್ಲ.

ಕೆಮಿಸ್ಟ್ರಿಯವರಿಗೇ ಅಂತ ಇರುವ ಇನ್ನೊಂದು ಇದೆ, ನನಗೆ ತಡವಾಗಿ ಗೊತ್ತಾಗಿ ತಪ್ಪಿಹೋಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪಿಒಸಿಇ (ಪ್ರಾಜೆಕ್ಟ್ ಓರಿಯೆಂಟೆಡ್ ಕೆಮಿಕಲ್ ಎಜುಕೇಷನ್). ಮೊದಲ ವರ್ಷದ ಬಿಎಸ್ಸಿಯಲ್ಲೇ ಅರ್ಜಿ ಹಾಕಬೇಕು, ಆಯ್ಕೆಯಾದರೆ ಮೂರು ಬೇಸಿಗೆ ಅಲ್ಲೇ ಕೆಲಸ. ಮೊದಲ ವರ್ಷದಲ್ಲಿ ಇದನ್ನು ಓದುತ್ತಿದ್ದರೆ ಈಗಲೇ ಹುಡುಕಿ.

ಕಟ್‌ಆಫ್ ದಾಟದವರೂ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಕೇಂದ್ರದ ಯೋಜನೆ ಒಂದಿದೆ, ಬೋರ್ಡ್‌ನ ಮೇಲಿನ 20 ಪರ್ಸೆಂಟೈಲ್‌ನಲ್ಲಿ ಬಂದಿರಬೇಕು, ಮನೆಯ ಆದಾಯ 4.5 ಲಕ್ಷದೊಳಗೆ. ಡಿಗ್ರಿಗೆ ವರ್ಷಕ್ಕೆ 12 ಸಾವಿರ, ಎಂಎಸ್ಸಿಗೆ 20 ಸಾವಿರ. ನನ್ನ ತಮ್ಮ ಬಿಎಸ್ಸಿ ಸೇರಿದಾಗ ರೈತ ವಿದ್ಯಾನಿಧಿ ಬಂದಿತ್ತು, 2021ರಲ್ಲಿ ಶುರುವಾದದ್ದು. ಡಿಗ್ರಿ ಹುಡುಗರಿಗೆ 5,000, ಹುಡುಗಿಯರಿಗೆ 5,500. ಅದಕ್ಕೆ ಅಪ್ಪನ ಫ್ರೂಟ್ಸ್ ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ, ಬೇಕಾಯಿತು. ಹಿಂದುಳಿದ ವರ್ಗದವರಿಗೆ, ಹಾಸ್ಟೆಲ್ ಸಿಗದೆ ಹೊರಗೆ ಇದ್ದು ಓದುವವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಕೊಡುತ್ತಾರೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಈಗ ಬಂದಿದೆ, ವರ್ಷಕ್ಕೆ 30 ಸಾವಿರ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಲು ಆಗುವುದಿಲ್ಲ. ಯಾವುದರ ಜೊತೆ ಯಾವುದು ನಡೆಯುತ್ತದೆ ಅಂತ ನಿಯಮ ಓದಿಯೇ ಅರ್ಜಿ ಹಾಕಿ.

ಎಂಎಸ್ಸಿಗೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಬಂದೆ. ಅಲ್ಲಿ ಸ್ಕಾಲರ್‌ಶಿಪ್‌ಗಿಂತ ಜಾಸ್ತಿ ಮಾತು ಚಿನ್ನದ ಪದಕದ್ದು. ಕೆಮಿಸ್ಟ್ರಿಗೆ ದತ್ತಿ ಪದಕಗಳು ಬಹಳ. 2021ರ ನೂರಾ ಒಂದನೇ ಘಟಿಕೋತ್ಸವದಲ್ಲಿ ರಸಾಯನಶಾಸ್ತ್ರದ ಒಬ್ಬರೇ ವಿದ್ಯಾರ್ಥಿನಿ 20 ಚಿನ್ನದ ಪದಕ ತೆಗೆದುಕೊಂಡರು. ನನಗೆ ಪದಕ ಬರಲಿಲ್ಲ. ಆದರೆ ಮೊದಲ ರ‍್ಯಾಂಕ್‌ಗೆ ಇನ್ನೊಂದು ಬೆಲೆ ಇದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದವರು ಪಿಎಚ್‌ಡಿಗೆ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಡಿಗ್ರಿಯಿಂದ ಇನ್‌ಸ್ಪೈರ್ ಪಡೆದು ಬಂದವರಿಗೂ ಎಂಎಸ್ಸಿಯಲ್ಲಿ ಶೇ. 70 ಇದ್ದರೆ ಆ ದಾರಿ ಇದೆ.

ನಾನು ಸಂಶೋಧನೆಗೆ, ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ರಾಷ್ಟ್ರಮಟ್ಟದ ಪರೀಕ್ಷೆ ಸಿಎಸ್‌ಐಆರ್ ನೆಟ್ ಬರೆದೆ, 2019ರ ಡಿಸೆಂಬರ್‌ನಲ್ಲಿ, ಎಂಎಸ್ಸಿ ಎರಡನೇ ವರ್ಷದಲ್ಲಿ ಇರುವಾಗಲೇ. ಕೆಮಿಸ್ಟ್ರಿ ಪತ್ರಿಕೆಯಲ್ಲಿ 200ರಲ್ಲಿ 100 ಅಂಕ ಸಿ ಭಾಗಕ್ಕೆ, 60 ಪ್ರಶ್ನೆ ಕೊಟ್ಟು 25 ಬರೆಯಿರಿ ಅನ್ನುತ್ತಾರೆ. ಯಾವುದನ್ನು ಬಿಡಬೇಕು ಅಂತ ಗೊತ್ತಿದ್ದವರಿಗೆ ಅದು ದೊಡ್ಡ ಉಪಕಾರ. ನಾನು ಸ್ಪೆಕ್ಟ್ರೋಸ್ಕೋಪಿ ಮತ್ತು ಇನಾರ್ಗ್ಯಾನಿಕ್ ಮೇಲೆ ನಿಂತೆ, ಕ್ವಾಂಟಮ್ ಲೆಕ್ಕಗಳನ್ನು ಧೈರ್ಯವಾಗಿ ಬಿಟ್ಟೆ. ಜೆಆರ್‌ಎಫ್ ಬಂತು, ಅಂದರೆ ಪಿಎಚ್‌ಡಿ ಮಾಡುವವರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್. ಆಗ ತಿಂಗಳಿಗೆ 31,000 ಇತ್ತು, 2023ರ ಜನವರಿಯಿಂದ 37,000 ಆಗಿದೆ. ಮೊದಲ ತಿಂಗಳ ದುಡ್ಡು ಬಂದಾಗ ಮನೆಗೆ ನೀರಿನ ಫಿಲ್ಟರ್ ತಂದೆ, ಫ್ಲೋರೈಡ್ ತೆಗೆಯುವ ಆರ್‌ಒ. ಹಾಕಿದ ದಿನ ಅದರ ನೀರನ್ನೂ ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಕೊಂಡು ಲ್ಯಾಬ್‌ಗೆ ಹೋದೆ.

ಹೋದ ತಿಂಗಳು ನಮ್ಮ ತಾಲ್ಲೂಕಿನದೇ ಒಬ್ಬ ಹುಡುಗಿ ತನ್ನ ಮೇಲ್ ಕಳಿಸಿ "ಅಕ್ಕ, ಒಂದ್ಸಲ ನೋಡಿ" ಅಂದಳು. ಸಂಶೋಧನೆಯಲ್ಲಿ ಬಹಳ ಆಸಕ್ತಿ ಅಂತಲೇ ಶುರುವಾಗಿತ್ತು. ಮೊದಲ ಮೂರು ಸಾಲು ಹೊಡೆದುಹಾಕಿದೆ. ನಿನ್ನ ಕಣ್ಣಾರೆ ನೋಡಿದ್ದು ಏನಾದರೂ ಹೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಮನೆಯ ಸೋಲಾರ್ ಹೀಟರ್ ಪೈಪಿನಲ್ಲಿ ಕಟ್ಟುವ ಬಿಳಿ ಗಟ್ಟಿಯ ಬಗ್ಗೆ ಹೇಳತೊಡಗಿದಳು, ಆಸಿಡ್ ಹಾಕಿದರೆ ನೊರೆ ಬರುತ್ತದಂತೆ, ಆದರೆ ಪೂರ್ತಿ ಕರಗುವುದಿಲ್ಲವಂತೆ. ಕರಗದೆ ಉಳಿಯುವುದು ಏನು ಅಂತ ಕೇಳಿದಳು. ನನಗೂ ತಕ್ಷಣ ಹೇಳಲು ಆಗಲಿಲ್ಲ. ಅದನ್ನೇ ಬರೆದು ಕಳಿಸು ಅಂದೆ.